ಬೊಟ್ಟಿನ ಸ್ವರ

ಗ್ರಂಥಾಲಯದ ಬಾಗಿಲು ದಾಟಿದರೆ ಬಲಗಡೆ, ಕೊಡೆಗಳನ್ನು ನೇತುಹಾಕುವ ಗೂಟಗಳ ಕೆಳಗೆ, ಒಂದು ಹಳೆಯ ಪಿಯಾನೋ. ಯಾರು ಬೇಕಾದರೂ ಕೂತು ನುಡಿಸಬಹುದು ಎಂದು ನಗರಸಭೆಯವರು ಅದರ ನೆತ್ತಿಯ ಮೇಲೆ ಬರೆಸಿದ್ದರು. ಊರಲ್ಲಿ ಇಂಥವು ಹಲವಿದ್ದವು. ರೈಲು ನಿಲ್ದಾಣದಲ್ಲಿ ಒಂದು, ಆಸ್ಪತ್ರೆಯ ಹಜಾರದಲ್ಲಿ ಒಂದು, ದೋಣಿಕಟ್ಟೆಯ ಟಿಕೆಟ್ ಕಿಟಕಿಯ ಎದುರು ಇನ್ನೊಂದು. ಮನೆ ಖಾಲಿ ಮಾಡುವವರು, ಮಾರಲು ಮನಸ್ಸು ಬಾರದವರು ಕೊಟ್ಟುಹೋದ ಪಿಯಾನೋಗಳು ಅವು. ಕೆಲವಕ್ಕೆ ಹಲ್ಲುದುರಿತ್ತು, ಕೆಲವಕ್ಕೆ ದನಿ ಕೂತಿತ್ತು, ಒಂದೆರಡು ಇನ್ನೂ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದ್ದವು.

ಹೊಲಿಗೆ ಅಂಗಡಿಯ ಗುಬ್ಬಿಗೆ ಇವೆಲ್ಲವೂ ಗೊತ್ತು. ರಿಪೇರಿಯಾದ ಬಟ್ಟೆಗಳ ಗಂಟನ್ನು ಗಿರಾಕಿಗಳಿಗೆ ಮುಟ್ಟಿಸಲು ಊರೆಲ್ಲ ತಿರುಗುವವಳು ಅವಳೇ. ದಾರಿಯಲ್ಲಿ ಯಾವ ಪಿಯಾನೋ ಖಾಲಿ ಕಂಡರೂ ಗಂಟನ್ನು ಕಾಲ ಬಳಿ ಇಟ್ಟು ಒಂದು ಗಳಿಗೆ ಕೂರುತ್ತಿದ್ದಳು. ಪುಸ್ತಕ ನೋಡಿ ನುಡಿಸುತ್ತಿರಲಿಲ್ಲ, ಕಲಿತದ್ದನ್ನೂ ನುಡಿಸುತ್ತಿರಲಿಲ್ಲ. ಕೈ ಎತ್ತ ಹೋದರೆ ಅತ್ತ. ನಿನ್ನೆಯದು ಇವತ್ತಿಲ್ಲ, ಇವತ್ತಿನದು ನಾಳೆಗಿಲ್ಲ. ಮರಳಿನ ಮೇಲೆ ಬರೆದು ತಾನೇ ಅಳಿಸುವವರ ಹಾಗೆ.

ಆ ಮಧ್ಯಾಹ್ನ ಗ್ರಂಥಾಲಯದಲ್ಲಿ ಕಾವಲುಗಾರ ತೂಕಡಿಸುತ್ತಿದ್ದ. ಗುಬ್ಬಿಯ ಬಲಗೈ ಮೆಲ್ಲಗೆ ಮೇಲಕ್ಕೆ ಹತ್ತುತ್ತಿತ್ತು. ಬೀಗದ ಕಿಂಡಿಗೆ ನೇರವಾಗಿದ್ದ ಬಿಳಿಯ ಕೀಯೊಂದನ್ನು ಬೆರಳು ಒತ್ತಿತು. ಸ್ವರ ನಡುಗಿತು.

ಹಾವು ತುಳಿದವಳಂತೆ ಕೈ ಹಿಂದೆಳೆದುಕೊಂಡಳು.

ಪಿಯಾನೋದ ನಡುಭಾಗದಲ್ಲಿ ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ. ಮೂರೂ ಒಂದೇ ಶ್ರುತಿಯಲ್ಲಿದ್ದರೆ ಸ್ವರ ನಿಂತ ನೀರಿನ ಹಾಗಿರುತ್ತದೆ. ಅದರಲ್ಲಿ ಒಂದನ್ನು ಕೂದಲೆಳೆಯಷ್ಟು ಇಳಿಸಿದರೆ ಗಾಳಿ ಬೀಸಿದ ನೀರಾಗುತ್ತದೆ. ಕಾಲಾಂತರದಲ್ಲಿ ತಂತಿ ತಾನಾಗಿಯೂ ಇಳಿದೀತು. ಆದರೆ ಆಗ ಅಕ್ಕಪಕ್ಕದವೂ ಇಳಿದಿರುತ್ತವೆ. ಇಲ್ಲಿ ಉಳಿದದ್ದೆಲ್ಲ ಹೊಸದಾಗಿ ಶ್ರುತಿ ಮಾಡಿದ್ದು. ಸ್ವಚ್ಛ. ಈ ಒಂದು ಮಾತ್ರ ಬೇಕೆಂದೇ ಇಳಿಸಿದ್ದು, ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೆ.

ಹಾಗೆ ಬೊಟ್ಟಿಡುವ ಶ್ರುತಿಗಾರ ಲೋಕದಲ್ಲಿ ಒಬ್ಬನೇ ಇದ್ದ. ಅವನು ಗುಬ್ಬಿಯ ಗಂಡ.

ಗಂಟನ್ನು ಎದೆಗವಚಿಕೊಂಡು ಹೊರಗೆ ಬಂದಳು. ಬಿಸಿಲು ಎಂದಿನ ಹಾಗೇ ಇತ್ತು, ಜನ ಎಂದಿನ ಹಾಗೇ ನಡೆಯುತ್ತಿದ್ದರು. ಅವಳಿಗೆ ಮಾತ್ರ ಊರು ತನ್ನದಲ್ಲ ಅನ್ನಿಸಿತು.

* * *

ಚಿಕ್ಕಮ್ಮನ ಅಂಗಡಿ ಎಂದರೆ ಬೀದಿಗೆ ತೆರೆದ ಒಂದು ಕೋಣೆ, ಎರಡು ಮಿಷನ್ನು, ಇಸ್ತ್ರಿ ಮೇಜು, ಗೋಡೆಗೆ ಒರಗಿದ ಕನ್ನಡಿ. ಹಿಂದೆ ಅಡುಗೆಗೆ ಜಾಗ, ಮೇಲೆ ಮಲಗುವ ಅಟ್ಟ. ಚಿಕ್ಕಮ್ಮ ದೊಡ್ಡ ಮೈಯ, ದೊಡ್ಡ ಪಾದದ ಹೆಂಗಸು. ದೇವರ ಮೇಲೆ ಭಾರ ಹಾಕಿ ಪೆಡಲ್ ತುಳಿಯುವವಳು. ಬಟ್ಟೆ ಸಂಜೆಗಾಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೇ ಮುಖಕ್ಕೆ ಹೇಳುವ ದರ್ಜಿ ಈ ಊರಿಗೆ ಅವಳೊಬ್ಬಳೇ ಎಂದು ಗಿರಾಕಿಗಳು ನಗುತ್ತಿದ್ದರು. ಹೊಲಿಯುವಾಗ ಪದ್ಯ ಹೇಳುವುದು ಅವಳ ಅಭ್ಯಾಸ. ಅರ್ಧ ಸಾಲು ಹೇಳಿ ನಿಲ್ಲಿಸುತ್ತಾಳೆ, ಉಳಿದರ್ಧವನ್ನು ಗುಬ್ಬಿ ಹೇಳಬೇಕು. ಹೇಳುವವರೆಗೆ ಮಿಷನ್ನು ಮುಂದೆ ಹೋಗುವುದಿಲ್ಲ.

"ಕಾಣದ ದಾರಿಯ ಕಾಯುವ ತಂದೆಯೆ..." ಎಂದು ನಿಲ್ಲಿಸಿದಳು ಚಿಕ್ಕಮ್ಮ, ತಲೆ ಎತ್ತದೆ.

ಗುಬ್ಬಿ ಗಂಟನ್ನು ಇಸ್ತ್ರಿ ಮೇಜಿನ ಮೇಲಿಟ್ಟಳು.

"ಏನೇ, ನಾಲಿಗೆ ಗಿರಾಕಿ ಮನೇಲಿ ಬಿಟ್ಟು ಬಂದ್ಯಾ?"

"ಅವನು ಬಂದಿದ್ದಾನೆ ಚಿಕ್ಕಮ್ಮ."

ಪೆಡಲ್ ನಿಂತಿತು. ಯಾರು ಎಂದು ಚಿಕ್ಕಮ್ಮ ಕೇಳಲಿಲ್ಲ. "ನೋಡಿದ್ಯಾ?"

"ಇಲ್ಲ. ಕೇಳಿದೆ." ಗುಬ್ಬಿ ಬೊಟ್ಟಿನ ವಿಷಯ ಹೇಳಿದಳು.

"ಹಳೇ ಪಿಯಾನೋ. ಒಂದು ತಂತಿ ಸಡಿಲ ಆಗಿದ್ದಕ್ಕೆ ಇಷ್ಟು ಬೆವರಬೇಕಾ? ನನ್ನ ಮಂಡಿನೂ ಸಡಿಲ ಆಗಿದೆ, ಅದನ್ನೂ ಅವನೇ ಮಾಡಿದನಾ?"

"ನಗಿಸಬೇಡ ಚಿಕ್ಕಮ್ಮ."

ಚಿಕ್ಕಮ್ಮ ನಗಿಸಲಿಲ್ಲ. ಎದ್ದು ಬಂದು ಗುಬ್ಬಿಯ ಎಡಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಆ ಕೈಯ ಕಿರುಬೆರಳು ನಡುವೆ ಸೊಟ್ಟಗೆ ಕೂಡಿಕೊಂಡಿತ್ತು.

ಶ್ರುತಿಗಾರನಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವನ ಕಿವಿಯ ಮುಂದೆ ಕಣ್ಣಿದ್ದವರೆಲ್ಲ ಕುರುಡರೇ ಎಂದು ಅವನ ಊರಿನವರು ಹೊಗಳುತ್ತಿದ್ದರು. ಮೆಲುದನಿ, ವಿನಯ, ಯಾರಿಗೂ ಎದುರಾಡದ ಗುಣ. ಮನೆಯೊಳಗೂ ಅವನು ದನಿ ಎತ್ತುತ್ತಿರಲಿಲ್ಲ. ಹೆಂಡತಿಯನ್ನು ನುಡಿಸಲು ಕೂರಿಸಿ ಹಿಂದೆ ನಿಲ್ಲುತ್ತಿದ್ದ. ಒಂದು ಸ್ವರ ತಪ್ಪಿದರೆ, ಉಸಿರು ಜೋರಾದರೆ, ಅವಳು ಯಾರದೋ ಮಾತಿಗೆ ನಕ್ಕದ್ದು ನೆನಪಾದರೆ, ಅವನ ಕೈ ಮೆಲ್ಲಗೆ ಪಿಯಾನೋದ ಮುಚ್ಚಳದ ಮೇಲೆ ಬರುತ್ತಿತ್ತು. ಅದು ಬೀಳುತ್ತದೋ ಬೀಳುವುದಿಲ್ಲವೋ ಎಂದು ಅವಳಿಗೆ ಮೊದಲೇ ತಿಳಿಯುತ್ತಿರಲಿಲ್ಲ.

ಶ್ರುತಿ ಮುಗಿದ ಮೇಲೆ ಒಂದು ತಂತಿ ಇಳಿಸಿ ಬೊಟ್ಟಿಡುವುದು ಅವನ ಅಪ್ಪ ಕಲಿಸಿದ್ದು. ಪೂರ್ತಿ ಸರಿಯಾದದ್ದು ದೇವರೊಬ್ಬನದೇ, ಕೈಕೆಲಸದಲ್ಲಿ ಒಂದು ಕೊರತೆ ಇರಬೇಕು ಎಂದು ಆ ಹಿರಿಯ ನಂಬಿದ್ದನಂತೆ. ಮಗ ಅದಕ್ಕೊಂದು ಕಟ್ಟಳೆ ಸೇರಿಸಿದ. ಬೊಟ್ಟಿನ ಸ್ವರವನ್ನು ಪಿಯಾನೋದ ಯಜಮಾನ ಮೊದಲು ಮುಟ್ಟಬೇಕು, ಶ್ರುತಿಗಾರನ ಮನೆಯವರು ಮುಟ್ಟಕೂಡದು. ಅವನು ಪರೀಕ್ಷೆಗೆ ಕೂರಿಸಿದಾಗ ಗುಬ್ಬಿ ಅದೊಂದನ್ನು ಬಿಟ್ಟು ಸುತ್ತ ನುಡಿಸಬೇಕಿತ್ತು. ಒಮ್ಮೆ ಮರೆತು ಮುಟ್ಟಿದಳು. ಅವತ್ತು ಮುಚ್ಚಳ ಬಿತ್ತು. ಎಡಗೈಯನ್ನು ಪೂರ್ತಿ ಎಳೆದುಕೊಳ್ಳುವಷ್ಟು ಹೊತ್ತು ಸಿಗಲಿಲ್ಲ.

"ಪೊಲೀಸರಿಗೆ ಹೇಳೋಣ," ಎಂದಳು ಚಿಕ್ಕಮ್ಮ.

"ಆ ಊರಲ್ಲಿ ಹೇಳಿದ್ದೆನಲ್ಲ. ಕಣ್ಣಿಲ್ಲದವನು ಹೇಗಮ್ಮ ಗುರಿಯಿಟ್ಟು ಹೊಡೀತಾನೆ ಅಂತ ನಕ್ಕರು. ಜೀಪಲ್ಲಿ ಕೂರಿಸಿಕೊಂಡು ಹೋಗಿ ಅವನ ಕೈಗೇ ಒಪ್ಪಿಸಿದರು. ಪಾಪ, ನಿನ್ನ ಬಿಟ್ಟರೆ ಅವನಿಗೆ ಯಾರಿದ್ದಾರೆ ಅಂದರು."

"ಕಣ್ಣಿಲ್ಲದ್ದು ಅವನ ತಪ್ಪಲ್ಲ. ಕಣ್ಣಿಲ್ಲದ ದೇವರಂಥವರನ್ನ ನಾನು ಕಂಡಿದೀನಿ. ಅವನಿಗೆ ಇಲ್ಲದ್ದು ಬೇರೆ." ಚಿಕ್ಕಮ್ಮ ದಾರ ಕಡಿದಳು. "ಆ ಮದುವೆಗೆ ನನ್ನ ಕರೀಲಿಲ್ಲ ನಿಮ್ಮಪ್ಪ. ಒಳ್ಳೇದೇ ಆಯ್ತು. ನನ್ನ ದನಿ ಅವನಿಗೆ ಗೊತ್ತಿಲ್ಲ, ನಾನಿರೋದೂ ಗೊತ್ತಿಲ್ಲ. ನೀನು ಪಿಯಾನೋ ಹತ್ತಿರ ಹೋಗಬೇಡ, ಮುಗೀತು."

* * *

ಹೋಗಬಾರದು ಎಂದುಕೊಂಡೇ ಗುಬ್ಬಿ ಎರಡು ದಿನ ಕಳೆದಳು. ಆದರೆ ಭಯಕ್ಕೆ ಒಂದು ಚಟವಿದೆ. ಅದು ಹೋಗಿ ನೋಡಿಯೇ ಬರಬೇಕು ಅನ್ನುತ್ತದೆ. ಬೊಟ್ಟು ಗ್ರಂಥಾಲಯದಲ್ಲಿ ಮಾತ್ರ ಇದ್ದರೆ ತನ್ನ ಕಿವಿಯ ಭ್ರಮೆ ಎಂದು ಸುಮ್ಮನಾಗಬಹುದು. ಇನ್ನೊಂದು ಕಡೆಯೂ ಇದ್ದರೆ ಊರು ಬಿಡಬೇಕು. ಮೂರನೆಯ ದಿನ ಟಿಕೆಟ್ ತಪಾಸಣೆಯವರ ಕೋಟಿನ ಕಾಜಾ ಹೊಲಿದು ಮುಗಿದಿತ್ತು. ಅದನ್ನು ಗಂಟು ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಹೋದಳು.

ನಿಲ್ದಾಣದ ಪಿಯಾನೋ ಟೀ ಅಂಗಡಿಯ ಪಕ್ಕದಲ್ಲಿತ್ತು. ಟೀಯಣ್ಣ ಅವಳನ್ನು ಬಲ್ಲ. ಸಕ್ಕರೆ ಕಮ್ಮಿ ಹಾಕಿ ಎಂಬ ಅವಳ ಮಾತನ್ನೂ ಬಲ್ಲ. ಇವತ್ತು ಅವನು ಹಾಲು ಕಾಯಿಸುತ್ತ ಗಿರಾಕಿಗಳ ನಡುವೆ ಮುಳುಗಿದ್ದ. ಗುಬ್ಬಿ ಗಂಟನ್ನು ಕೆಳಗಿಟ್ಟು ಕೂತು, ಒಂದೊಂದೇ ಕೀಯನ್ನು ದನಿ ಹೊರಡುವಷ್ಟು ಮಾತ್ರ ಒತ್ತುತ್ತ ಹೋದಳು. ಸ್ವಚ್ಛ, ಸ್ವಚ್ಛ, ಸ್ವಚ್ಛ. ನಡುವಿನಿಂದ ಸ್ವಲ್ಪ ಎಡಕ್ಕೆ ಬಂದಾಗ ನೀರಿನ ಮೇಲೆ ಗಾಳಿ ಬೀಸಿತು.

ಎದ್ದು ಹೋಗಬೇಕಿತ್ತು. ಕಾಲು ಬರಲಿಲ್ಲ. ಹೆದರಿದ ಮಗು ಸೆರಗು ಹುಡುಕುವಂತೆ ಬೆರಳುಗಳು ಕೀಗಳನ್ನೇ ಹುಡುಕಿದವು. ಏನು ನುಡಿಸುತ್ತಿದ್ದೇನೆಂದು ಅವಳಿಗೇ ತಿಳಿಯದು. ಬಲಗೈ ಕೆಳಗಿಳಿದು ಬಂತು, ಎಡಗೈ ಎದುರುಗೊಂಡಿತು, ಎರಡೂ ಸೇರಿ ಏನೋ ಒಂದನ್ನು ತಿರುವುತ್ತ ತಿರುವುತ್ತ ಹೋದವು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಹೊಳೆಯಿತು, ತನ್ನ ಕೈಗಳು ಬೊಟ್ಟಿನ ಸ್ವರದ ಹತ್ತಿರಕ್ಕೆ ಬಂದು ಬಂದು ಅದನ್ನು ಬಳಸಿಕೊಂಡು ಹೋಗುತ್ತಿವೆ. ನುಡಿಸತೊಡಗಿದ ಮೇಲೆ ಒಂದು ಸಲವೂ ಮುಟ್ಟಿಲ್ಲ.

ಈ ಊರಿನಲ್ಲಿ ಇನ್ನಾರು ಕೂತರೂ ಆ ಕೀಯನ್ನು ಒತ್ತಿಯೇ ಒತ್ತುತ್ತಾರೆ. ಅದು ನಡುಗುವುದು ಅವರಿಗೆ ಕೇಳಿಸುವುದೂ ಇಲ್ಲ. ಅದನ್ನು ಬಳಸಿಕೊಂಡು ಹೋಗುವವಳು ಆ ಮನೆಯಲ್ಲಿ ಬಾಳಿದವಳು ಮಾತ್ರ.

ಮೆಲ್ಲಗೆ ತಲೆ ತಿರುಗಿಸಿದಳು. ಹಿಂದಿನ ಬೆಂಚಿನಲ್ಲಿ ಅವನು ಕೂತಿದ್ದ. ಮಂಡಿಗಳ ನಡುವೆ ಕೋಲು, ಪಕ್ಕದಲ್ಲಿ ಶ್ರುತಿಯ ಸಲಕರಣೆಗಳ ಆ ಚರ್ಮದ ಚೀಲ, ಒಂದು ಕಡೆಗೆ ವಾಲಿದ ತಲೆ. ಮುಖದಲ್ಲಿ ಸಣ್ಣ ನಗು. ಬಲೆ ಹಾಕಿದವನಿಗೆ ದಾರ ಜಗ್ಗಿದಾಗ ಬರುವಂಥದು.

ಅವಳ ಕೈ ನಿಂತಿತು. ಅವನು ಎದ್ದು ನಿಂತ.

"ಚಿನ್ನಾ," ಎಂದ. ಅದೇ ಮೆಲುದನಿ. "ಮುಂದಕ್ಕೆ ನುಡಿಸು. ಯಾಕೆ ನಿಲ್ಲಿಸಿದೆ?"

ಗುಬ್ಬಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು. ತನ್ನ ನಡಿಗೆಯ ಸಪ್ಪಳ ಅವನಿಗೆ ಗೊತ್ತು. ಉಸಿರು ಹಿಡಿದು ಸ್ಟೂಲಿನಿಂದ ಜಾರಿದಳು. ಅವನು ಕೋಲನ್ನು ನೆಲಕ್ಕೆ ತಟ್ಟುತ್ತ ಎರಡು ಹೆಜ್ಜೆ ಬಂದ. ಅವಳನ್ನು ದಾಟಿಯೇ ಹೋದ. ಅವನ ತೋಳಿನ ಗಾಳಿ ಅವಳಿಗೆ ತಾಗಿತು.

"ಅಮ್ಮಾ," ಎಂದಳು ಬೆಂಚಿನಲ್ಲಿದ್ದ ಒಬ್ಬ ಮುದುಕಿ, ಗುಬ್ಬಿಗೆ. "ನಿನ್ನನ್ನೇ ಕರೀತಿರೋದು ಕಾಣಮ್ಮ. ಪಾಪ, ಕಣ್ಣಿಲ್ಲ."

ಅವನು ಸರಕ್ಕನೆ ತಿರುಗಿದ. ಅಷ್ಟರಲ್ಲಿ ರೈಲು ಬಂತು, ಜನ ನುಗ್ಗಿದರು. ಗುಬ್ಬಿ ಬರಿಗಾಲಲ್ಲಿ ಓಡಿದಳು. ಸೇತುವೆ ದಾಟಿದ ಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಾಗ ಗೊತ್ತಾಯಿತು, ಗಂಟು ಅಲ್ಲೇ ಉಳಿದಿದೆ. ಕೋಟಿನ ಕಾಲರಿಗೆ ಚಿಕ್ಕಮ್ಮನ ಅಂಗಡಿಯ ಚೀಟಿ ಪಿನ್ನು ಮಾಡಿದೆ.

* * *

"ಕುಂಬಳಕಾಯಿ ಕಳ್ಳ ಅಂದರೆ ನೀನೇ ಹೆಗಲು ಮುಟ್ಟಿ ತೋರಿಸಿದ ಹಾಗಾಯ್ತಲ್ಲೇ," ಎಂದಳು ಚಿಕ್ಕಮ್ಮ. ಬೈಗುಳದಲ್ಲಿ ಜೀವವಿರಲಿಲ್ಲ. ಮರುದಿನ ಮಧ್ಯಾಹ್ನದ ಬಸ್ಸಿಗೆ ಗುಬ್ಬಿಯನ್ನು ಕಳಿಸುವುದೆಂದು ತೀರ್ಮಾನವಾಯಿತು. ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಗುಬ್ಬಿ ಅಟ್ಟದಿಂದ ಚೀಲ ಇಳಿಸುತ್ತಿದ್ದಳು. ಬೀದಿಯಲ್ಲಿ ಟಕ್, ಟಕ್ ಎಂದು ಕೇಳಿಸಿತು. ಮೂಲೆಯ ಚಮ್ಮಾರ ಮೊಳೆ ಹೊಡೆಯುವ ಸದ್ದಿರಬೇಕು ಎಂದುಕೊಂಡಳು. ಸದ್ದು ಹತ್ತಿರ ಬಂತು. ಚಮ್ಮಾರನ ಮೊಳೆ ನಡೆದುಕೊಂಡು ಬರುವುದಿಲ್ಲ.

"ಅಮ್ಮಾವ್ರೇ," ಎಂದು ಟೀಯಣ್ಣನ ದನಿ. ಬಾಗಿಲಲ್ಲಿ ಅವನು, ಕೈಯಲ್ಲಿ ಗಂಟು, ತೋಳಿನಲ್ಲಿ ಶ್ರುತಿಗಾರನ ಕೈ. ಟೀಯಣ್ಣನ ಮುಖದಲ್ಲಿ ಪುಣ್ಯ ಸಂಪಾದಿಸಿದವನ ಬೆಳಕು. "ನಿಮ್ಮ ಹುಡುಗಿ ಗಂಟು ಮರೆತು ಬಂದಿದ್ರು. ಕೋಟಲ್ಲಿ ಚೀಟಿ ಇತ್ತು. ಮತ್ತೆ ಇವರು... ಹೆಂಡತಿ ತಪ್ಪಿಸಿಕೊಂಡು ಮೂರು ವರ್ಷ ಆಯ್ತಂತೆ. ಊರೂರು ತಿರುಗಿ ಹುಡುಕ್ತಿದಾರೆ. ಪುಸ್ತಕ ಇಲ್ಲದೆ ಪಿಯಾನೋ ನುಡಿಸೋಳು ಒಬ್ಬಳಿದ್ದಾಳೆ ಈ ಊರಲ್ಲಿ ಅಂತ ಯಾರೋ ಹೇಳಿದರಂತೆ."

ಗುಬ್ಬಿ ಏಣಿಯ ಮೇಲೇ ನಿಂತಿದ್ದಳು. ಒಂದು ಮೆಟ್ಟಿಲು ಕಿರುಗುಟ್ಟಿತು. ಶ್ರುತಿಗಾರನ ತಲೆ ಅತ್ತ ವಾಲಿತು.

"ಅಲ್ಲಿ ಇದ್ದಾರಲ್ಲ," ಎಂದ ಅವನು. "ಒಂದು ಮಾತಾಡಲಿ ಸಾಕು. ದನಿ ಕೇಳಿದರೆ ನನಗೆ ತಿಳಿಯುತ್ತೆ. ಅವಳಲ್ಲದಿದ್ದರೆ ಕ್ಷಮೆ ಕೇಳಿ ಹೋಗ್ತೀನಿ."

ಚಿಕ್ಕಮ್ಮ ಮಿಷನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಒಂದು ಸಲ ಗುಬ್ಬಿಯನ್ನು ನೋಡಿದಳು. ಆಮೇಲೆ ಗೋಡೆಯ ಗೂಡಿನಲ್ಲಿದ್ದ ದೀಪವನ್ನು ನೋಡಿದಳು.

"ಅವಳಿಗೆ ಮಾತು ಬರಲ್ಲ," ಎಂದಳು. "ನನ್ನ ಅಕ್ಕನ ಮಗಳು. ಹುಟ್ಟಾ ಮೂಗಿ."

ಟೀಯಣ್ಣನ ಬಾಯಿ ಅರೆ ತೆರೆದಿತ್ತು. ಅವನು ಗುಬ್ಬಿಯನ್ನು ನೋಡಿದ. ಅವಳು ಏಣಿಯನ್ನು ಹಿಡಿದಿದ್ದ ಎಡಗೈಯನ್ನು ನೋಡಿದ, ಆ ಸೊಟ್ಟ ಬೆರಳನ್ನು ನೋಡಿದ. ಆಮೇಲೆ ತನ್ನ ತೋಳನ್ನು ಹಿಡಿದಿದ್ದ ಕೈಯನ್ನು ನೋಡಿದ. ಅಲ್ಲಿ ಉಗುರುಗಳು ಅವನ ಅಂಗಿಯೊಳಕ್ಕೆ ಇಳಿದಿದ್ದವು.

"ಟೀಯಣ್ಣಾ, ನೀವು ಇವರ ದನಿ ಕೇಳಿದೀರಾ?" ಎಂದ ಶ್ರುತಿಗಾರ.

ಗುಬ್ಬಿಗೆ ತನ್ನ ರಕ್ತ ಕಿವಿಯಲ್ಲಿ ಹರಿಯುವುದು ಕೇಳಿಸಿತು. ಅವನಿಗೂ ಕೇಳಿಸುತ್ತಿರಬಹುದು.

"ಎಲ್ಲಿಂದ ಕೇಳೋದು ಸ್ವಾಮಿ," ಎಂದ ಟೀಯಣ್ಣ ನಿಧಾನವಾಗಿ. "ಟೀ ಬೇಕಾದ್ರೂ ಕೈಸನ್ನೇನೇ."

"ಆದರೆ ನಿನ್ನೆ ನುಡಿಸಿದ್ದು ಇವರೇ ಅಂದ್ರಿ."

"ನುಡಿಸಿದ್ರು. ಆಮೇಲೆ ರೈಲಿನ ಹೊತ್ತು, ಜನ. ಇವರಾದ ಮೇಲೆ ಇನ್ಯಾರಾದ್ರೂ ಕೂತಿದ್ರೋ ಏನೋ. ನಾನು ಹಾಲು ನೋಡೋದಾ, ಪಿಯಾನೋ ನೋಡೋದಾ?"

ಶ್ರುತಿಗಾರ ಕೈ ಚಾಚಿದ. "ಹಾಗಾದರೆ ಎಡಗೈ ಒಂದು ಸಲ ಕೊಡಲಿ."

"ಅದೇನು ಮರ್ಯಾದೆ?" ಚಿಕ್ಕಮ್ಮನ ದನಿ ಕತ್ತರಿಯಾಯಿತು. "ಪರರ ಮನೆ ಹೆಣ್ಣುಮಗಳ ಕೈ ಮುಟ್ಟಿ ಗುರುತು ಹಿಡೀತೀರಾ? ಕಣ್ಣಿಲ್ಲ ಅಂತ ಕನಿಕರ ಇದೆ, ಅದಕ್ಕೂ ಒಂದು ಮಿತಿ ಇದೆ."

"ಅದು ಸರಿ," ಎಂದ ಟೀಯಣ್ಣ. "ಅದು ಬೇಡ ಸ್ವಾಮಿ."

ಶ್ರುತಿಗಾರ ಕೈ ಹಿಂದಕ್ಕೆ ತೆಗೆದುಕೊಂಡ. ನಗು ಮಾಸಲಿಲ್ಲ. "ತಪ್ಪಾಯಿತು. ಹಾಗಾದರೆ ನುಡಿಸಲಿ. ಬೀದಿಯ ಕೊನೆಯಲ್ಲಿ ಗ್ರಂಥಾಲಯ ಇದೆಯಲ್ಲ, ಅಲ್ಲಿನ ಪಿಯಾನೋ ನಾನೇ ಶ್ರುತಿ ಮಾಡಿದ್ದು. ಒಂದೇ ಒಂದು ಗಳಿಗೆ. ನುಡಿಸೋಕೆ ಒಪ್ಪಲ್ಲ ಅಂದರೆ ನಾನೇನು ಅಂದುಕೊಳ್ಳಲಿ, ನೀವೇ ಹೇಳಿ. ಪೊಲೀಸಿನವರನ್ನ ಕರಕೊಂಡು ಬಂದು ಕೇಳಬೇಕಾಗುತ್ತೆ."

ಜೀಪಿನ ಸೀಟಿನ ವಾಸನೆ ಗುಬ್ಬಿಯ ಮೂಗಿಗೆ ಬಂತು. ಅವಳು ಕೆಳಗಿಳಿದಳು.

ಹೊಸ್ತಿಲ ಬಳಿ ಎರಡು ಜೊತೆ ಚಪ್ಪಲಿಗಳಿದ್ದವು. ಚಿಕ್ಕಮ್ಮ ಕಾಲಿನಿಂದ ತನ್ನ ಚಪ್ಪಲಿಗಳನ್ನು ಗುಬ್ಬಿಯ ಕಡೆಗೆ ತಳ್ಳಿ, ತಾನು ಬರಿಗಾಲಲ್ಲಿ ಹೊರಟಳು.

* * *

ಬೀದಿ ಚಿಕ್ಕದು. ಅವತ್ತು ಅದು ಮುಗಿಯಲಿಲ್ಲ. ಚಿಕ್ಕಮ್ಮನ ದೊಡ್ಡ ಚಪ್ಪಲಿಗಳು ಗುಬ್ಬಿಯ ಕಾಲಲ್ಲಿ ಫಟ್, ಫಟ್ ಎಂದು ನೆಲ ಬಡಿಯುತ್ತಿದ್ದವು. ಒಂದು ಮಾರು ಹಿಂದೆ ಕೋಲಿನ ಟಕ್, ಟಕ್. ಅವನು ಹೆಜ್ಜೆಗಳನ್ನು ಕೇಳುತ್ತಿದ್ದಾನೆಂದು ಗುಬ್ಬಿಯ ಬೆನ್ನಿಗೆ ಗೊತ್ತಿತ್ತು.

ಮೂಲೆಯಲ್ಲಿ ಚಮ್ಮಾರ ತಲೆ ಎತ್ತಿ ನಕ್ಕ. ದಿನವೂ ಗುಬ್ಬಿಯ ಜೊತೆ ಎರಡು ಮಾತಾಡದೆ ಅವನಿಗೆ ಮೊಳೆ ನೆಟ್ಟಗೆ ಇಳಿಯುತ್ತಿರಲಿಲ್ಲ.

"ಏನಿದು, ಇವತ್ತು ಮಾತೇ ಇಲ್ಲ?"

ಹಿಂದಿನ ಟಕ್ ಟಕ್ ನಿಂತಿತು.

"ಗಂಟಲು ಕಟ್ಟಿದೆ ಕಣಪ್ಪ ನನಗೆ," ಎಂದಳು ಚಿಕ್ಕಮ್ಮ ನಿಲ್ಲದೆ. "ಇವತ್ತೊಂದು ದಿನ ನನ್ನ ಬಾಯಿಂದ ಊರಿಗೆ ರಜೆ."

"ಊರು ಬದುಕಿತು ಬಿಡಿ," ಎಂದು ಚಮ್ಮಾರ ಸುತ್ತಿಗೆ ಎತ್ತಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಕೋಲು ಮತ್ತೆ ನಡೆಯತೊಡಗಿತು.

ಗುಬ್ಬಿ ಯೋಚಿಸಲು ನೋಡಿದಳು. ಮಕ್ಕಳ ಹಾಗೆ ತಡವರಿಸಿ ನುಡಿಸಿದರೆ? ನಟನೆ ಅವನಿಗೆ ಕೂಡಲೇ ತಿಳಿಯುತ್ತದೆ. ಬೇಕೆಂದು ಮಾಡಿದ ತಪ್ಪಿಗೂ ತಾನಾಗಿ ಆದ ತಪ್ಪಿಗೂ ಇರುವ ಅಂತರವನ್ನು ಹೇಳಿಕೊಟ್ಟವನೇ ಅವನು. ಚೆನ್ನಾಗಿಯೇ ನುಡಿಸಬೇಕು, ಆದರೆ ಬೇರೆಯವಳಾಗಿ. ಎಡಗೈಯ ಕಿರುಬೆರಳು ಯಾವಾಗಲೂ ಒಂದು ಕೂದಲೆಳೆ ತಡವಾಗಿ ಬೀಳುತ್ತದೆ, ಅದನ್ನು ತರಕೂಡದು. ಬೊಟ್ಟಿನ ಸ್ವರವನ್ನು ಮುಟ್ಟಬೇಕು. ಒಮ್ಮೆ ಮುಟ್ಟಿದರೆ ಸಾಲದು. ಅದು ಬೊಟ್ಟೆಂದೇ ಗೊತ್ತಿಲ್ಲದವಳ ಹಾಗೆ ಮುಟ್ಟಬೇಕು.

ಕಾವಲುಗಾರ ಇವತ್ತು ಎಚ್ಚರವಿದ್ದ. ಟೀಯಣ್ಣ ಕುರ್ಚಿ ಎಳೆದ, ಆದರೆ ಶ್ರುತಿಗಾರ ಕೂರಲಿಲ್ಲ. ಗುಬ್ಬಿ ಸ್ಟೂಲಿನ ಮೇಲೆ ಕೂತಳು. ಅವನು ಅವಳ ಹಿಂದೆ ಬಂದು ನಿಂತ. ಅವನ ನಿಲುವು ಬದಲಾಗಿರಲಿಲ್ಲ. ಪಿಯಾನೋದ ಹೊಳೆಯುವ ಹಲಗೆಯಲ್ಲಿ ಅವನ ನೆರಳು ಅವಳ ನೆರಳನ್ನು ನುಂಗಿತ್ತು. ಅವನ ಕೈ ಮೆಲ್ಲಗೆ ಬಂದು ತೆರೆದ ಮುಚ್ಚಳದ ಅಂಚಿನ ಮೇಲೆ ಕೂತಿತು.

ಕೀಗಳ ಮೇಲೆ ಬೆರಳಿಟ್ಟಳು. ಬೆರಳು ಒತ್ತಲಿಲ್ಲ. ಮೈಯೆಲ್ಲ ಒಂದೇ ಮಾತು ಹೇಳುತ್ತಿತ್ತು: ಕೈ ತೆಗಿ, ಕೈ ತೆಗಿ.

"ಮೂಗಿಯಾದರೇನು, ಕೈ ಇದೆಯಲ್ಲ," ಎಂದ ಅವನು ಮೃದುವಾಗಿ. "ನುಡಿಸಿ."

ಆಗ ಪಕ್ಕದಲ್ಲಿ, ಯಾರಿಗೂ ಅಲ್ಲವೆಂಬಂತೆ, ಚಿಕ್ಕಮ್ಮ ಗಂಟಲೊಳಗೆ ಗುನುಗಿದಳು. ಪದಗಳಿರಲಿಲ್ಲ, ನಡೆ ಮಾತ್ರ. ಕಾಣದ ದಾರಿಯ ಕಾಯುವ ತಂದೆಯೆ. ಪೆಡಲ್ ತುಳಿಯುವ ನಡೆ ಅದು. ಅರ್ಧ ಸಾಲಿಗೆ ನಿಂತಿತು. ಉಳಿದರ್ಧ ಗುಬ್ಬಿಯದು.

ಬೀಗದ ಕಿಂಡಿಗೆ ನೇರವಾದ ಬಿಳಿಯ ಕೀಯನ್ನು ಎಡಗೈಯ ಹೆಬ್ಬೆರಳಿನಿಂದ ಒತ್ತಿದಳು.

ಸ್ವರ ನಡುಗಿತು. ಮುಚ್ಚಳದ ಮೇಲಿನ ಕೈ ಬಿಗಿಯಾಯಿತು. ಅವಳು ಹೆಬ್ಬೆರಳು ತೆಗೆಯಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಒತ್ತಿದಳು, ಪೆಡಲಿನ ನಡೆಗೆ. ಅದನ್ನೇ ಆಧಾರ ಶ್ರುತಿಯಾಗಿ ಇಟ್ಟುಕೊಂಡಳು. ಮೇಲೆ ಬಲಗೈ ಸಾಲನ್ನು ಹಿಡಿಯಿತು, ಪದ್ಯ ಹೇಳುವವರು ಎಳೆಯುವಂತೆ ಎಳೆಯಿತು, ನಿಲ್ಲುವಲ್ಲಿ ನಿಂತಿತು. ಆ ಮನೆಯಲ್ಲಿ ಇಂಥ ಸಂಗೀತ ಇರಲಿಲ್ಲ. ಇದು ಹೊಲಿಗೆ ಅಂಗಡಿಯದು. ಎಣ್ಣೆ, ದಾರ, ಇಸ್ತ್ರಿಯ ಹಬೆಯ ನಡುವೆ ಇಬ್ಬರು ಹೆಂಗಸರು ಹಂಚಿಕೊಂಡು ಹೇಳಿದ್ದು. ಕೆಳಗೆ ಬೊಟ್ಟಿನ ಸ್ವರ ಗಾಯದ ಹಾಗೆ ಮಿಡಿಯುತ್ತಲೇ ಇತ್ತು. ಮೇಲಿನದೆಲ್ಲ ಅದಕ್ಕೆ ಹೊಂದಿಕೊಳ್ಳಲಾರದೆ ಹೊಂದಿಕೊಳ್ಳುತ್ತ ಹೋಯಿತು.

ಹಲಗೆಯಲ್ಲಿ ಅವನ ಮುಖ ಕಾಣುತ್ತಿತ್ತು. ಆ ಕೀ ಬಿದ್ದಾಗಲೆಲ್ಲ ಅವನ ದವಡೆ ಸೆಳೆಯುತ್ತಿತ್ತು, ಹಲ್ಲಿಗೆ ತಣ್ಣೀರು ತಾಗಿದವನ ಹಾಗೆ.

ಮುಚ್ಚಳ ಒಂದು ಬೆರಳಷ್ಟು ಮುಂದಕ್ಕೆ ವಾಲಿತು.

ಗುಬ್ಬಿ ನೋಡಿದಳು. ಕೈ ತೆಗೆಯಲಿಲ್ಲ. ಬೇರೆಯವಳಾಗಿದ್ದರೆ ಅದು ಏಕೆ ವಾಲುತ್ತದೆಂದು ಅವಳಿಗೆ ಹೇಗೆ ತಿಳಿಯಬೇಕು? ಬೆವರು ಕಣ್ಣಿಗಿಳಿಯಿತು. ಹೆಬ್ಬೆರಳು ಒತ್ತಿತು. ಮುಚ್ಚಳ ಇನ್ನಷ್ಟು ವಾಲಿತು. ಹೆಬ್ಬೆರಳು ಮತ್ತೆ ಒತ್ತಿತು.

"ಸಾಕು," ಎಂದ ಅವನು.

ಅವಳು ಸಾಲು ಮುಗಿಸಿಯೇ ನಿಲ್ಲಿಸಿದಳು.

"ಅವಳಲ್ಲ," ಎಂದ ಶ್ರುತಿಗಾರ. ದನಿಯಲ್ಲಿ ಬೇಸರವಿತ್ತು, ಸ್ವಲ್ಪ ಅಸಹ್ಯವೂ ಇತ್ತು. "ಅವಳಾಗಿದ್ದರೆ ಆ ಸ್ವರ ಮುಟ್ಟುತ್ತಿರಲಿಲ್ಲ. ಸತ್ತರೂ ಮುಟ್ಟುತ್ತಿರಲಿಲ್ಲ." ಮುಚ್ಚಳದಿಂದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ. "ನಿಮಗೆ ತೊಂದರೆ ಕೊಟ್ಟೆ ಅಮ್ಮಾವ್ರೇ. ನಿನ್ನೆ ನುಡಿಸಿದವಳು ರೈಲು ಹತ್ತಿರಬೇಕು. ಯಾವ ಕಡೆಯ ರೈಲು ಅದು?"

"ಬಡಗಣ ಕಡೆಯದು," ಎಂದ ಟೀಯಣ್ಣ ತಡಮಾಡದೆ. "ಇವತ್ತೂ ಅದೇ ಹೊತ್ತಿಗೆ ಒಂದಿದೆ. ಬನ್ನಿ ಸ್ವಾಮಿ, ನಾನೇ ಹತ್ತಿಸ್ತೀನಿ." ಬಾಗಿಲ ಬಳಿ ಒಮ್ಮೆ ತಿರುಗಿ ಗುಬ್ಬಿಯ ಕಡೆ ನೋಡಿದ. ಅವನ ಮುಖದಲ್ಲಿ ಬೆಳಗಿನ ಬೆಳಕು ಇರಲಿಲ್ಲ. ತಲೆ ತಗ್ಗಿಸಿ ಹೊರಟುಹೋದ.

* * *

ವಾಪಸು ಬರುವಾಗ ಚಮ್ಮಾರ ಊಟಕ್ಕೆ ಎದ್ದುಹೋಗಿದ್ದ. ಬರಿಗಾಲಿಗೆ ಕಲ್ಲು ಚುಚ್ಚಿ ಚಿಕ್ಕಮ್ಮ ಕುಂಟುತ್ತಿದ್ದಳು. ಗುಬ್ಬಿ ಚಪ್ಪಲಿ ಬಿಟ್ಟುಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದಳು. ರೈಲು ಹೊರಡುವವರೆಗೆ ಆ ಫಟ್ ಫಟ್ ಬೀದಿಯಲ್ಲಿ ಕೇಳಿಸುತ್ತಿರಲಿ ಎಂಬಂತೆ.

ಅಂಗಡಿಯೊಳಗೆ ಬಂದು ಅಡ್ಡಹಲಗೆ ಹಾಕಿದರು. ಚಿಕ್ಕಮ್ಮ ದೀಪದ ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

"ಈ ಬಾಯಲ್ಲಿ ಸುಳ್ಳು ಬಂತು," ಎಂದಳು. "ಎಷ್ಟು ಸಲೀಸಾಗಿ ಬಂತು ನೋಡು. ಇಷ್ಟು ವರ್ಷ ಒಳಗೇ ಇಸ್ತ್ರಿ ಮಾಡಿ ಮಡಚಿಟ್ಟಿದ್ದೆನೋ ಏನೋ."

ಗುಬ್ಬಿ ಉತ್ತರ ಕೊಡಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಗಂಟಲಿಗೆ ಕೈಯಿಟ್ಟುಕೊಂಡಳು. ಮತ್ತೆ ಪ್ರಯತ್ನಿಸಿದಳು. ಗಾಳಿ ಬಂತು, ಮಾತು ಬರಲಿಲ್ಲ. ಚಿ, ಚಿ, ಎಂದು ತುಟಿ ಆಡಿತು. ಸುಳ್ಳು ನಿಜವಾಗಿ ಕೂತುಬಿಟ್ಟಿತೇ ಎಂದು ಇಬ್ಬರ ಕಣ್ಣಲ್ಲೂ ಒಂದೇ ಭಯ ಹಾಯಿತು.

ಚಿಕ್ಕಮ್ಮ ಅವಳ ಭುಜ ಹಿಡಿದು ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದಳು. ತಾನೂ ಕೂತಳು. ಬಟ್ಟೆಯಿಲ್ಲದೆ, ದಾರವಿಲ್ಲದೆ ಪೆಡಲ್ ತುಳಿಯತೊಡಗಿದಳು.

"ಕಾಣದ ದಾರಿಯ ಕಾಯುವ ತಂದೆಯೆ..."

ನಿಂತಿತು. ಕಾದಳು.

ಬೀದಿಯಲ್ಲಿ ಟಕ್ ಎಂದಿತು.

ಇಬ್ಬರೂ ಉಸಿರು ಹಿಡಿದರು. ಟಕ್, ಟಕ್. ಗುಬ್ಬಿಯ ಕೈ ಚಿಕ್ಕಮ್ಮನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಟಕ್, ಟಕ್, ಟಕ್. ಕಿವಿಗೊಟ್ಟು ಕೇಳಿದಳು, ಅವನು ಕಲಿಸಿದಷ್ಟೂ ಗಮನದಿಂದ. ಸದ್ದು ಹತ್ತಿರ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ. ಒಂದೇ ಕಡೆ ಕೂತಿದೆ. ನಡುವೆ ಒಂದು ಕೆಮ್ಮು, ಆಮೇಲೆ ಯಾರನ್ನೋ ಬೈಯುವ ಸದ್ದು. ಚಮ್ಮಾರ ಊಟ ಮುಗಿಸಿ ಬಂದಿದ್ದ.

ಗುಬ್ಬಿ ಉಸಿರು ಬಿಟ್ಟಳು. ಅದರ ಬೆನ್ನಿಗೇ, ಒಡೆದ, ಸಣ್ಣ, ತನ್ನದೇ ದನಿ ಬಂತು.

"ಕಾಲಿನ ಸಪ್ಪಳ ನಿನಗಿರಲಿ."

ಚಿಕ್ಕಮ್ಮ ಹೂಂ ಎಂದಳು. ಪೆಡಲ್ ಮುಂದಕ್ಕೆ ಹೋಯಿತು. ಆದರೂ ಅಡ್ಡಹಲಗೆಯನ್ನು ಆ ದಿನ ತೆಗೆಯಲಿಲ್ಲ.